ಲಾರಿ ಹತ್ತಿ ಹೋದ ಬ್ಯಾಸ್ಕೆಟ್‌ಬಾಲ್ ತಂಡ

ನನ್ನ ಮೊಣಕೈಗಳ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಒಳ್ಳೆಯ ಅಭಿಪ್ರಾಯವಿಲ್ಲ. ಮೊನ್ನೆ ಸೊಸೆಯ ಜೊತೆ ಬಸ್ಸು ಹತ್ತುವಾಗಲೂ ಅದೇ ಆಯಿತು. ಬಾಗಿಲಲ್ಲಿ ನೂಕುನುಗ್ಗಲು. ನಾನು ಮಂಡಿ ಸ್ವಲ್ಪ ಬಗ್ಗಿಸಿ, ಮೊಣಕೈ ಎರಡೂ ಕಡೆ ಅಗಲಿಸಿ, ಬೆನ್ನಿನಿಂದ ಹಿಂದಿನವರನ್ನು ತಡೆದು ನಿಂತೆ. ಸ್ವಲ್ಪ ಹೊತ್ತಿನಲ್ಲೇ ನಮ್ಮಿಬ್ಬರಿಗೂ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಇಸ್ತ್ರಿ ಷರಟಿನ ಒಬ್ಬ ಮಹನೀಯರು ಮಾತ್ರ ಪಕ್ಕೆಲುಬು ಸವರಿಕೊಳ್ಳುತ್ತ ಕಂಬ ಹಿಡಿದು ನಿಂತಿದ್ದರು. “ಅತ್ತೆ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ? ಜನ ನೋಡ್ತಾರೆ” ಎಂದಳು ಸೊಸೆ, ಆ ಸೀಟಿನಲ್ಲೇ ಆರಾಮಾಗಿ ಒರಗಿಕೊಂಡು.

ಜನ ನೋಡುತ್ತಾರಂತೆ! ನನ್ನನ್ನೂ ನನ್ನ ಹುಡುಗಿಯರನ್ನೂ ಜನ ನೋಡಬಾರದೆಂದು ಒಂದು ಕಾಲೇಜಿನ ಆಡಳಿತ ಮಂಡಳಿ ಸಭೆ ಸೇರಿ, ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಮೈದಾನದ ಸುತ್ತ ಬಿದಿರಿನ ತಟ್ಟಿ ಕಟ್ಟಿಸಿದ ಕಥೆ ಅವಳಿಗೆ ಗೊತ್ತಿಲ್ಲ. ಅವಳು ಕೇಳಿಲ್ಲ, ನಾನು ಹೇಳಿಲ್ಲ. ನೀವಾದರೂ ಕೇಳಿ.

ಅರವತ್ತರ ದಶಕದ ಮೊದಮೊದಲ ವರ್ಷಗಳು. ನಾನು ಮದುವೆಯಾಗಿ ಮೈಸೂರಿನಿಂದ ಸಾಗರಕ್ಕೆ ಬಂದಿದ್ದೆ. ಮೈಸೂರಿನಲ್ಲಿ ಓದುವಾಗ ಕಾಲೇಜಿನ ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದೆ. ಆಡುತ್ತಿದ್ದೆ ಎಂದರೆ, ಹೆಚ್ಚು ಹೊತ್ತು ಬೆಂಚಿನ ಮೇಲೆ ಕೂತು ಆಡುವವರ ಟವೆಲು ಕಾಯುತ್ತಿದ್ದೆ. ಯಾರಿಗಾದರೂ ಕಾಲು ಉಳುಕಿದರೆ ನನಗೆ ಯೋಗ. ದೇವರ ದಯೆ, ನಮ್ಮ ತಂಡದಲ್ಲಿ ಕಾಲುಗಳು ಉಳುಕುತ್ತಲೇ ಇದ್ದವು. ಆದರೆ ಕೀರ್ತಿ ಎನ್ನುವುದು ರೈಲಿನಲ್ಲಿ ಬರುವಾಗ ತಾನಾಗಿ ಉಬ್ಬುತ್ತದೋ ಏನೋ, ಸಾಗರ ತಲುಪುವಷ್ಟರಲ್ಲಿ ನಾನು ‘ಮೈಸೂರಿನ ದೊಡ್ಡ ಆಟಗಾರ್ತಿ’ ಆಗಿಬಿಟ್ಟಿದ್ದೆ. ಊರಿಗೆ ಊರೇ ನಂಬಿರುವಾಗ ಹೊಸ ಸೊಸೆ ಬಾಯಿ ಹಾಕಿ ತಿದ್ದುವುದು ಮರ್ಯಾದೆಯೇ?

ಸರಿ, ಕಾಲೇಜಿನ ಪ್ರಿನ್ಸಿಪಾಲರು ಹೇಳಿಕಳಿಸಿದರು. ಹಣೆಯ ತುಂಬ ವಿಭೂತಿ, ಮೇಜಿನ ತುಂಬ ತರ್ಕಶಾಸ್ತ್ರ.

“ಯೂನಿವರ್ಸಿಟಿಯವರು ತಪಾಸಣೆಗೆ ಬಂದಾಗ ಹುಡುಗಿಯರಿಗೆ ಯಾವ ಆಟ ಇದೆ ಅಂತ ಕೇಳಿದರಮ್ಮ. ನಾಚಿಕೆ ಆಯಿತು. ನೀವು ಏನಾದರೂ ಕಲಿಸಿ. ಆದರೆ ನಮ್ಮದು ಮರ್ಯಾದಸ್ಥರ ಊರು. ಹುಡುಗಿಯರು ಜೋರಾಗಿ ಓಡಬಾರದು, ಎಗರಬಾರದು, ಕೂಗಬಾರದು.”

“ಹಾಗಾದರೆ ಚೌಕಾಬಾರ ಆಡಿಸ್ತೀನಿ ಸಾರ್.”

ಅವರು ನಿಜವಾಗಿಯೂ ಯೋಚಿಸಿದರು. “ಅದಕ್ಕೆ ಗ್ರಾಂಟು ಬರೋದಿಲ್ಲವಲ್ಲ” ಎಂದರು, ಬೇಸರದಿಂದ.

ಹೀಗೆ ನಾನು ತರಬೇತುದಾರಳಾದೆ. ಕಂಬ ಮತ್ತು ಬೋರ್ಡನ್ನು ಊರಿನ ಸಾಮಿಲ್ ಮಾಲೀಕರೊಬ್ಬರು ದಾನ ಮಾಡಿದರು. ಒಳ್ಳೆಯ ತೇಗ. ದಾನ ಕೊಟ್ಟವರ ಹೆಸರು ಕಾಣಬೇಡವೇ? ಎರಡೂ ಬೋರ್ಡುಗಳ ಮೇಲೆ, ದೇವಸ್ಥಾನದ ಗಂಟೆಗೆ ಬರೆಸುವ ಹಾಗೆ, ಕೆಂಪು ಬಣ್ಣದಲ್ಲಿ ತಮ್ಮ ಹೆಸರು ಬರೆಸಿ ಕೆಳಗೆ ದಪ್ಪಕ್ಷರದಲ್ಲಿ ‘ಸೇವಾರ್ಥ’ ಎಂದು ಹಾಕಿಸಿದರು. ಉದ್ಘಾಟನೆಯ ದಿನ ಏಣಿ ಹತ್ತಿ ಮೊದಲ ಚೆಂಡನ್ನು ತಾವೇ ಬುಟ್ಟಿಗೆ ಬಿಟ್ಟರು. ಚೆಂಡು ಕೆಳಗಿನಿಂದ ಹೊರಬಂದು ಪ್ರಿನ್ಸಿಪಾಲರ ಪಾದದ ಮೇಲೆ ಬಿತ್ತು. ದಾನಿಗಳ ಮುಖ ಕಪ್ಪಾಯಿತು. “ಬುಟ್ಟಿ ತೂತಾಗಿದೆ. ನೋಡಿ ತರಬಾರದಿತ್ತೇ?” ಎಂದು ಏಣಿಯ ಮೇಲಿಂದಲೇ ನನ್ನನ್ನು ಗದರಿಸಿದರು.

ಕಷ್ಟಪಟ್ಟು ಐದು ಹುಡುಗಿಯರು ಸಿಕ್ಕಿದರು. ಆರನೆಯವಳು ಬೇಕೆಂದು ನಾನು ಆಸೆಪಡಲಿಲ್ಲ. ಆಸೆಗೂ ಒಂದು ಮಿತಿ ಇರುತ್ತದೆ. ಸೀರೆಯುಟ್ಟು ಆಡಲಾಗದು, ಲಂಗ ತೊಟ್ಟರೆ ಮಂಡಳಿ ಬಿಡದು. ಕೊನೆಗೆ, ಆಗ ನಾವು ಪಂಜಾಬಿ ಡ್ರೆಸ್ ಎನ್ನುತ್ತಿದ್ದ ಜುಬ್ಬ-ಪೈಜಾಮ ಹೊಲಿಸಿದೆವು. ಊರಿನ ದರ್ಜಿ ಪಂಜಾಬನ್ನಾಗಲೀ ಪಂಜಾಬಿಗಳನ್ನಾಗಲೀ ಕಂಡವನಲ್ಲ. ಒಬ್ಬೊಬ್ಬಳ ಪೈಜಾಮದಲ್ಲೂ ಇಬ್ಬಿಬ್ಬರು ಹಿಡಿಯುತ್ತಿದ್ದರು.

ತೋಟದ ಮನೆಯ ಹುಡುಗಿ ಸಾವಿತ್ರಿಯ ಹಿಂದೆಯೇ ಅವಳ ಅಜ್ಜಿಯೂ ಬಂದರು. ಮೊದಲ ದಿನವೇ ನನ್ನನ್ನು ವಿಚಾರಣೆಗೆ ನಿಲ್ಲಿಸಿದರು.

“ಎಂಗಳ ಕೂಸು ಬಿದ್ದು ಕಾಲು ಮುರ್ಕಂಡ್ರೆ ಮದುವೆ ಮಾಡ್ಕಂಬವ್ವು ಯಾರು? ನೀನಾ?”

ನಾನು ಈಗಾಗಲೇ ಮದುವೆಯಾದವಳು ಎಂದು ವಿನಯದಿಂದ ತಿಳಿಸಿದೆ. ಅಜ್ಜಿ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಕಾವಲಿಗೆ ತೊಡಗಿದರು. ಕೆಲವು ದಿನ ಕಳೆಯುವಷ್ಟರಲ್ಲಿ, ಮೊಮ್ಮಗಳ ಕೈಯಿಂದ ಯಾರಾದರೂ ಚೆಂಡು ಕಿತ್ತುಕೊಳ್ಳಲು ಹೋದರೆ, “ಬಿಡಡ ಕೂಸೇ, ಬಿಡಡ! ಗಟ್ಟಿ ಹಿಡ್ಕ!” ಎಂದು ಕಲ್ಲಿನಿಂದ ಎದ್ದು ನಿಂತು ಕೂಗುವಂತಾದರು. ಹುಡುಗಿಯರು ಕೂಗಬಾರದೆಂದು ಪ್ರಿನ್ಸಿಪಾಲರ ಆಜ್ಞೆಯಿತ್ತು. ಅಜ್ಜಿಯರ ಬಗ್ಗೆ ಏನೂ ಹೇಳಿರಲಿಲ್ಲ.

ಆದರೆ ತಂಡ ಎಂದರೆ ಹೂವಮ್ಮ. ಆ ಹೆಸರನ್ನು ಅವಳು ಹುಟ್ಟಿದ ದಿನ ನೋಡಿ ಇಟ್ಟಿರಬೇಕು. ಆಮೇಲೆ ನೋಡಿದ್ದರೆ ತೇಗದಮ್ಮ ಎಂದು ಇಡುತ್ತಿದ್ದರು. ಹೊಸನಗರ ತಾಲ್ಲೂಕಿನಲ್ಲಿ ಶರಾವತಿಯ ದಂಡೆಯ ಒಂದು ಹಳ್ಳಿಯವಳು. ಅಪ್ಪ ಗುತ್ಯಪ್ಪ ಇನ್ನೊಬ್ಬರ ಗದ್ದೆ ಗೇಣಿಗೆ ಮಾಡುವವನು. ಹಳ್ಳಿಯ ಮೇಷ್ಟ್ರೊಬ್ಬರು ಹಟ ಹಿಡಿದದ್ದಕ್ಕೆ ಈ ಹುಡುಗಿ ಓದುತ್ತಾ ಓದುತ್ತಾ ಸಾಗರದ ಹಾಸ್ಟೆಲ್ಲಿಗೆ ಬಂದಿದ್ದಳು. ಮೊದಲ ದಿನ ಚೆಂಡನ್ನು ಕೈಯಲ್ಲಿ ತೂಗಿ ನೋಡಿ, “ಇದನ್ನ ಅಷ್ಟೇ ಎತ್ತರಕ್ಕೆ ಒಗೆಯಾದಾ ಮಿಸ್? ಹುಲ್ಲಿನ ಹೊರೆ ಇದಕ್ಕಿಂತ ಮೇಲೆ ಒಗೀತೀವಲ್ಲ” ಎಂದಳು. ಒಗೆದಳು. ಚೆಂಡು ಬೋರ್ಡು ದಾಟಿ, ತಟ್ಟಿ ದಾಟಿ, ತಟ್ಟಿಯಾಚೆ ಮರ್ಯಾದೆಯಿಂದ ಇಣುಕುತ್ತಿದ್ದ ಒಬ್ಬ ಉಪನ್ಯಾಸಕರ ಛತ್ರಿಯ ಮೇಲೆ ಬಿತ್ತು.

ಉಳಿದ ನಾಲ್ವರಿಗೆ ಗುರಿ ಹಿಡಿಯುವುದು ಬರುತ್ತಿರಲಿಲ್ಲ. ಬೋರ್ಡಿಗೆ ಹೊಡೆದು ಬುಟ್ಟಿಗೆ ಬೀಳಿಸಬೇಕೆಂದರೆ ಎಲ್ಲಿಗೆ ಹೊಡೆಯಬೇಕು? ನನಗೆ ಒಂದು ಉಪಾಯ ಹೊಳೆಯಿತು. ಬಲಗಡೆಯಿಂದ ಬಂದರೆ ‘ರ್ಥ’ಕ್ಕೆ ಹೊಡೆಯಿರಿ, ಎಡಗಡೆಯಿಂದ ಬಂದರೆ ‘ಸೇ’ಗೆ ಹೊಡೆಯಿರಿ ಎಂದೆ. ಅದ್ಭುತ! ಚೆಂಡು ಬೀಳತೊಡಗಿತು. ದಾನಿಗಳ ಹೆಸರು ಲೋಕೋಪಯೋಗಿಯಾದದ್ದು ಅದೇ ಮೊದಲು. ಜಗತ್ತಿನ ಬೇರೆ ಬೋರ್ಡುಗಳ ಮೇಲೆ ಇವರ ಹೆಸರು ಇರುವುದಿಲ್ಲ ಎಂಬ ಸಣ್ಣ ವಿಷಯ ಮೈಸೂರಿನ ದೊಡ್ಡ ಆಟಗಾರ್ತಿಗೆ ಹೊಳೆಯಲೇ ಇಲ್ಲ.

ತೀರ್ಥಹಳ್ಳಿಯ ಕಾಲೇಜಿನಿಂದ ಪಂದ್ಯಕ್ಕೆ ಆಹ್ವಾನ ಬಂತು. ಹುಡುಗಿಯರು ತಟ್ಟಿ ಅಲುಗಾಡುವ ಹಾಗೆ ಕುಣಿದರು. “ಬಸ್ಸಿನಲ್ಲಿ ಮುಂದಿನ ಸೀಟಿನಲ್ಲೇ ಕೂರಿಸಿಕೊಂಡು ಹೋಗಬೇಕು. ಗಂಭೀರವಾಗಿ ಹೋಗಿ ಗಂಭೀರವಾಗಿ ಬರಬೇಕು” ಎಂದು ಪ್ರಿನ್ಸಿಪಾಲರು ಅಪ್ಪಣೆ ಕೊಟ್ಟರು.

ಅದೇ ವಾರ ಗುತ್ಯಪ್ಪ ನಮ್ಮ ಮನೆ ಬಾಗಿಲಿಗೆ ಬಂದ.

ಇಲ್ಲಿ ನಮ್ಮ ಯಜಮಾನರ ವಿಷಯ ಹೇಳಬೇಕು. ಆಗ ಶರಾವತಿಗೆ ಅಣೆಕಟ್ಟು ಕಟ್ಟುತ್ತಿದ್ದರು. ನಾಡಿಗೆಲ್ಲ ಬೆಳಕು ಬರುತ್ತದೆ ಎಂದು ಊರೂರಲ್ಲಿ ಭಾಷಣ. ಭಾಷಣ ಮಾಡಿದವರ ಊರು ಒಂದೂ ಮುಳುಗುತ್ತಿರಲಿಲ್ಲ. ಮುಳುಗುವ ಊರುಗಳ ಜನರನ್ನು ಬೇರೆ ಕಡೆ ಸಾಗಿಸುವ ಕಚೇರಿಯಲ್ಲಿ ಯಜಮಾನರು ಗುಮಾಸ್ತರು. ಮನೆಗೆ ಯಾರಾದರೂ ಹಳ್ಳಿಯವರು ಬಂದರೆ ಅವರು ತಕ್ಷಣ ಪೇಪರು ಬಿಡಿಸಿಕೊಳ್ಳುತ್ತಿದ್ದರು. ಅಷ್ಟು ಶ್ರದ್ಧೆಯಿಂದ ಪೇಪರು ಓದಿದವರನ್ನು ನಾನು ಕಂಡಿಲ್ಲ. ಕೆಲವೊಮ್ಮೆ ಅದು ತಲೆಕೆಳಗಾಗಿಯೂ ಇರುತ್ತಿತ್ತು.

“ಮಗಳನ್ನ ಕರ್ಕಂಡು ಹೋಗಕ್ಕೆ ಬಂದೆ ಅಮ್ಮೋರೆ” ಎಂದ ಗುತ್ಯಪ್ಪ, ಮೆಟ್ಟಿಲ ಕೆಳಗೇ ನಿಂತು. “ಶನಿವಾರ ನಮ್ಮನೆಗೆ ಲಾರಿ ಬರ್ತದೆ. ಸಾಮಾನು ಹೇರ್ಬೇಕು. ಅವಳವ್ವಂಗೆ ಸೊಂಟ ಹಿಡ್ದು ಏಳಕ್ಕಾಗ್ತಿಲ್ಲ. ನಾನೊಬ್ನೇ ಏನ್ ಮಾಡ್ಲಿ?”

“ಶನಿವಾರವೇ ತೀರ್ಥಹಳ್ಳಿಯಲ್ಲಿ ಪಂದ್ಯ ಇದೆ ಗುತ್ಯಪ್ಪ.”

“ಹೇಳಿದ್ಲು. ಅತ್ಕಂಡೇ ಹೇಳಿದ್ಲು.”

“ಸಾಗಿಸಿದ ಮೇಲೆ ಕಾಲೇಜಿಗೆ ವಾಪಸು ಕಳಿಸ್ತೀಯಲ್ಲ?”

ಅವನು ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡ. “ಎಲ್ಲಿಂದ ಅಮ್ಮೋರೆ? ಅಲ್ಲಿ ಗಿಡಮಟ್ಟಿ ಕಡೀಬೇಕು, ಗುಡಿಸ್ಲು ಹಾಕ್ಬೇಕು. ನಾವು ಮೂರೇ ಜನ.”

ನಾನು ಒಳಗೆ ಹೋಗಿ ಪೇಪರಿನ ಎದುರು ನಿಂತೆ. “ಲಾರಿಯನ್ನ ಒಂದು ದಿನ ಮುಂದಕ್ಕೆ ಹಾಕಿಸಕ್ಕೆ ಆಗಲ್ವಾ?”

“ಬ್ಯಾಸ್ಕೆಟ್‌ಬಾಲ್ ಇದೆ, ಸ್ವಲ್ಪ ತಡೀರಿ ಅಂತ ಮೇಲಿನವರಿಗೆ ಬರೀಲಾ?” ಎಂದಿತು ಪೇಪರು.

ನಾನು ಏನೋ ಕೆಟ್ಟದಾಗಿ ಹೇಳಲು ಬಾಯಿ ತೆರೆದೆ. ಆಗ ಪೇಪರು ಸ್ವಲ್ಪ ಕೆಳಗಿಳಿಯಿತು. “ಆ ಲಾರಿ ಹೋಗೋದೇ ತೀರ್ಥಹಳ್ಳಿ ಮೇಲೆ. ಇವರ ಹೊಸ ಜಾಗ ಶಿವಮೊಗ್ಗದ ರಸ್ತೇಲಿ ಇರೋದು” ಎಂದು ಹೇಳಿ ಮತ್ತೆ ಮೇಲೇರಿತು. ನಮ್ಮ ಇಡೀ ದಾಂಪತ್ಯದಲ್ಲಿ ಅವರಾಡಿದ ಅತ್ಯಂತ ಉಪಯುಕ್ತ ಮಾತು ಅದು.

ಗುತ್ಯಪ್ಪ ಮಗಳನ್ನು ಆಗಲೇ ಊರಿಗೆ ಕರೆದೊಯ್ದಿದ್ದ. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಉಳಿದ ನಾಲ್ವರೊಂದಿಗೆ ನಾನು ಹೊರಟೆ. ಪ್ರಿನ್ಸಿಪಾಲರು ಬಸ್‌ ನಿಲ್ದಾಣಕ್ಕೇ ಬಂದು ನಾವು ಮುಂದಿನ ಸೀಟಿನಲ್ಲಿ ಗಂಭೀರವಾಗಿ ಕೂತದ್ದನ್ನು ನೋಡಿ ಸಮಾಧಾನಪಟ್ಟರು. ನಾವೆಲ್ಲಿ ಇಳಿಯುತ್ತೇವೆಂದು ಅವರು ಕೇಳಲಿಲ್ಲ. ಹಿರಿಯರು ಕೇಳದೇ ನಾವಾಗಿ ಹೇಳುವುದು ಅಧಿಕಪ್ರಸಂಗ. ಸಾವಿತ್ರಿಯ ಅಜ್ಜಿ, ಕರೆಯದೇ, ಒಂದು ಚೀಲ ಚಕ್ಕುಲಿಯೊಂದಿಗೆ ಬಸ್ಸಿನಲ್ಲಿದ್ದರು.

ಹೂವಮ್ಮನ ಊರಿನಲ್ಲಿ ಅರ್ಧ ಮನೆಗಳ ಹೆಂಚು, ತೊಲೆ ಆಗಲೇ ಬಿಚ್ಚಿ ಒಯ್ದಿದ್ದರು. ಬರೀ ಗೋಡೆಗಳು ನಿಂತಿದ್ದವು. ನಾನು ಸಾಗರದಲ್ಲಿ ‘ಮುಳುಗಡೆ’ ಎಂಬ ಪದವನ್ನು ದಿನಕ್ಕೆ ಹತ್ತಾರು ಸಲ ಕೇಳುತ್ತಿದ್ದೆ. ಆ ಪದಕ್ಕೆ ಒಲೆ ಇರುತ್ತದೆ, ತುಳಸಿಕಟ್ಟೆ ಇರುತ್ತದೆ, ಕೊಟ್ಟಿಗೆ ಇರುತ್ತದೆ ಎಂದು ಅಂದೇ ಗೊತ್ತಾದದ್ದು.

ಲಾರಿಯ ಡ್ರೈವರು ಬೀಡಿ ಹಚ್ಚಿ ಆತುರ ಮಾಡುತ್ತಿದ್ದ. ನಾನು ಹುಡುಗಿಯರನ್ನು ಜಗುಲಿಯಿಂದ ಲಾರಿಯವರೆಗೆ ಸಾಲಾಗಿ ನಿಲ್ಲಿಸಿದೆ. ಮಡಕೆ, ಮೊರ, ಕಂಬಳಿ, ಸಿಹಿಗುಂಬಳ, ಎಲ್ಲವೂ ಕೈಯಿಂದ ಕೈಗೆ ಹೋದವು. ವರ್ಷವಿಡೀ ಅರಚಿದರೂ ಸರಿಯಾಗಿ ಬಾರದಿದ್ದ ಪಾಸು, ಕುಂಬಳಕಾಯಿಯಲ್ಲಿ ಎಷ್ಟು ಚೆನ್ನಾಗಿ ಬಂತೆಂದರೆ ನನಗೆ ನನ್ನ ತರಬೇತಿಯ ಮೇಲೇ ಅನುಮಾನ ಬಂತು. ಒರಳುಕಲ್ಲನ್ನು ಹೂವಮ್ಮ ಒಬ್ಬಳೇ ಎತ್ತಿಟ್ಟಳು. ಕೊನೆಗೆ ಒಂದು ಕರುವನ್ನೂ ಅದರ ತಾಯಿಯನ್ನೂ ಹಲಗೆ ಹಾಕಿ ಹತ್ತಿಸಿದೆವು.

ಎಲ್ಲ ಮುಗಿದ ಮೇಲೆ ಹೂವಮ್ಮನ ಅವ್ವ, ಗೋಡೆ ಹಿಡಿದು ಹಿಡಿದು ನಡೆಯುತ್ತ, ಪೊರಕೆ ತೆಗೆದುಕೊಂಡು ಜಗುಲಿ ಗುಡಿಸತೊಡಗಿದಳು.

“ಮುಳುಗೋ ಮನೆ ಯಾಕೆ ಗುಡಿಸ್ತೀಯಮ್ಮ? ಹೊತ್ತಾಯ್ತು” ಎಂದ ಡ್ರೈವರು.

“ಗುಡಿಸ್ದೆ ಬಿಟ್ಟೋದ್ರು ಅನ್ನಬಾರ್ದಲ್ಲ” ಎಂದಳು ಅವಳು. ಯಾರು ಅನ್ನುತ್ತಾರೆ, ನೀರೇ? ನಾನು ಕೇಳಲಿಲ್ಲ. ಏನಾದರೂ ಚುಚ್ಚಿ ಮಾತಾಡದಿದ್ದರೆ ತಿಂದದ್ದು ಅರಗದ ಹೆಂಗಸು ನಾನು. ಅವತ್ತು ಸುಮ್ಮನೆ ಪೊರಕೆಯ ಸದ್ದು ಕೇಳುತ್ತ ನಿಂತಿದ್ದೆ.

ಅಜ್ಜಿಗೂ ಹೂವಮ್ಮನ ಅವ್ವನಿಗೂ ಡ್ರೈವರನ ಪಕ್ಕದ ಸೀಟು. ಉಳಿದವರೆಲ್ಲ ಸಾಮಾನಿನ ಮೇಲೆ. ಅಜ್ಜಿ ಮೊದಲು ಸೆರಗು ಬಿಗಿ ಹಿಡಿದು, ಮಡಿ ಕೆಡದ ಹಾಗೆ ನಡುವೆ ಒಂದು ಕುಂಬಳಕಾಯಿ ಇಟ್ಟುಕೊಂಡು ಕೂತರು. ಹುಂಚದ ಹತ್ತಿರದ ಗುಂಡಿಗಳಲ್ಲಿ ಕುಂಬಳಕಾಯಿ ಉರುಳಿ ಎಲ್ಲೋ ಹೋಯಿತು, ಮಡಿಯೂ ಅದರ ಜೊತೆಗೇ ಹೋಯಿತು. ಕೋಣಂದೂರಿನಲ್ಲಿ ಲಾರಿ ನಿಂತಾಗ ನೋಡುತ್ತೇನೆ, ಅಜ್ಜಿ ಹೂವಮ್ಮನ ಅವ್ವನ ಬೆನ್ನಿನ ಮೇಲೆ ಕೈಯಿಟ್ಟು, “ಇಲ್ಲಿ ನೋವು ಇದ್ದ? ಎಣ್ಣೆ ಬಿಸಿ ಮಾಡಿ ಹಚ್ಚಕು” ಎನ್ನುತ್ತಿದ್ದರು.

ತೀರ್ಥಹಳ್ಳಿಯವರು ನಮ್ಮನ್ನು ಎದುರುಗೊಳ್ಳಲು ಗೇಟಿನಲ್ಲಿ ಹೂವು ಹಿಡಿದು ನಿಂತಿದ್ದರು. ಎದುರಿಗೆ ಬಂದದ್ದು ಒರಳುಕಲ್ಲು, ಹಸು, ಕರು, ಅವುಗಳ ನಡುವೆ ಪೈಜಾಮದ ಐದು ಹುಡುಗಿಯರು. “ಸಾಗರದ ತಂಡ ಇದೇನಾ?” ಎಂದು ಕೇಳಿದರು ಅಲ್ಲಿನ ಮೇಷ್ಟ್ರು. ಹೌದೆಂದೆ. ಅವರು ಹೂವನ್ನು ಯಾರಿಗೆ ಕೊಡುವುದೆಂದು ಸ್ವಲ್ಪ ಯೋಚಿಸಿ, ಹತ್ತಿರದಲ್ಲಿದ್ದ ಕರುವಿನ ಮೂತಿಯಿಂದ ದೂರ ಹಿಡಿದು, ಅಜ್ಜಿಗೆ ಕೊಟ್ಟರು.

ಅಲ್ಲಿ ತಟ್ಟಿ ಇರಲಿಲ್ಲ. ಊರೇ ಬಂದು ನಿಂತಿತ್ತು. ಬೋರ್ಡು ಬೆಳ್ಳಗೆ ಹೊಳೆಯುತ್ತಿತ್ತು, ಮೇಲೆ ಏನೂ ಇಲ್ಲ. ಸಾವಿತ್ರಿ ಚೆಂಡು ಹಿಡಿದು ಎಡಗಡೆಯಿಂದ ಓಡಿಬಂದವಳು ಗಕ್ಕನೆ ನಿಂತು ನನ್ನ ಕಡೆ ತಿರುಗಿ, “ಮಿಸ್, ‘ಸೇ’ ಎಲ್ಲಿ?” ಎಂದು ಕೂಗಿದಳು. ಅಷ್ಟರಲ್ಲಿ ಚೆಂಡು ಎದುರಾಳಿಗಳ ಕೈಯಲ್ಲಿತ್ತು. ಮೊದಲರ್ಧವಿಡೀ ನನ್ನ ನಾಲ್ವರು ಸಾಕ್ಷರರು ಆ ಖಾಲಿ ಬೋರ್ಡಿನ ಮುಂದೆ ಕಂಗಾಲಾದರು. ಅಕ್ಷರದ ಹಂಗಿಲ್ಲದೆ ಆಡಿದವಳು ಹೂವಮ್ಮ ಒಬ್ಬಳೇ. ನಾವು ಬಹಳ ಹಿಂದೆ ಬಿದ್ದಿದ್ದೆವು. ವಿರಾಮದಲ್ಲಿ ನಾನು ಹೇಳಿದ್ದು ಇಷ್ಟೇ: “ಸಿಕ್ಕಿದ ಚೆಂಡೆಲ್ಲ ಹೂವಮ್ಮನಿಗೆ ಕೊಡಿ.” ತರಬೇತುದಾರಳಾಗಿ ನನ್ನ ಜೀವಮಾನದ ತಂತ್ರವೆಲ್ಲ ಆ ಒಂದು ವಾಕ್ಯದಲ್ಲಿದೆ.

ಕೊಟ್ಟರು. ಅವಳು ಹಾಕಿದಳು. ಇಬ್ಬರು ಅಡ್ಡ ನಿಂತರೂ ಹಾಕಿದಳು, ಕೈಗೆ ಜೋತುಬಿದ್ದರೂ ಹಾಕಿದಳು. ತೀರ್ಥಹಳ್ಳಿಯ ಜನ ತಮ್ಮ ಹುಡುಗಿಯರನ್ನು ಮರೆತು ಇವಳಿಗೆ ಚಪ್ಪಾಳೆ ಹೊಡೆಯತೊಡಗಿದರು. ಅಂತರ ಕರಗುತ್ತಾ ಬಂತು.

ಆಗ ಲಾರಿಯ ಹಾರನ್ನು ಶುರುವಾಯಿತು. ಡ್ರೈವರನಿಗೆ ಕತ್ತಲಾಗುವ ಮೊದಲು ಸಾಮಾನು ಇಳಿಸಿ ವಾಪಸಾಗಬೇಕಿತ್ತು. ಒಂದು ಸಲ, ಎರಡು ಸಲ, ಆಮೇಲೆ ಬಿಡದೆ ಒತ್ತಿದ. ರೆಫರಿಯ ಸೀಟಿ ಯಾವುದು, ಹಾರನ್ನು ಯಾವುದು ತಿಳಿಯಲಿಲ್ಲ. ಹೂವಮ್ಮ ಚೆಂಡು ಹಿಡಿದುಕೊಂಡೇ ನಿಂತುಬಿಟ್ಟಳು. ಗೇಟಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಹೋಗು ಎನ್ನಲೇ? ಆರನೆಯವಳಿಲ್ಲದ ತಂಡ ನನ್ನದು. ಇರು ಎನ್ನಲೇ? ಅದು ಅವರ ಮನೆ, ಅವರ ಲಾರಿ.

ಇದ್ದಕ್ಕಿದ್ದಂತೆ ಹಾರನ್ನು ನಿಂತಿತು. ಗೇಟಿನ ಹತ್ತಿರ ಜಗಳ. ನಾನು ಓಡಿದೆ.

ಗುತ್ಯಪ್ಪ ಲಾರಿಯ ಮುಂದೆ, ರಸ್ತೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಆಗಿನ ಲಾರಿಗಳನ್ನು ಮುಂದಿನಿಂದ ಕಬ್ಬಿಣದ ಹ್ಯಾಂಡಲು ಹಾಕಿ ತಿರುಗಿಸಿ ಚಾಲೂ ಮಾಡುತ್ತಿದ್ದರು. ಆ ಹ್ಯಾಂಡಲನ್ನು ಅವನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದ.

“ಕೊಡಯ್ಯ ಅದನ್ನ!” ಡ್ರೈವರು ಅರಚುತ್ತಿದ್ದ. “ನಿನ್ನ ಮಗಳ ಆಟ ನೋಡ್ಕಂಡು ಕೂತ್ರೆ ನನ್ನ ಕೆಲಸ ಯಾರು ಮಾಡ್ತಾರೆ?”

ಗುತ್ಯಪ್ಪ ತಲೆಯೆತ್ತಿದ. ಮೆಟ್ಟಿಲ ಕೆಳಗೆ ನಿಂತು ಮಾತಾಡಿದ್ದ ಅದೇ ಮನುಷ್ಯ, ಅದೇ ಮೆತ್ತಗಿನ ದನಿ. “ಗದ್ದೆ ಬಿಡು ಅಂದ್ರು, ಬಿಟ್ಟೆ. ಮನೆ ಬಿಡು ಅಂದ್ರು, ಬಿಟ್ಟೆ. ಯಾರಿಗೂ ಒಂದು ಮಾತು ಅಂದಿಲ್ಲ. ಇದು ಮುಗೀದೆ ನಾ ಏಳದಿಲ್ಲ. ನಿಂಗೆ ಬೇಕಾರೆ ನನ್ನ ಮೇಲೇ ಹತ್ತಿಸು.”

ಹ್ಯಾಂಡಲಿಲ್ಲದೆ ಹತ್ತಿಸುವುದು ಹೇಗೆಂದು ಡ್ರೈವರನಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಲಾರಿಯ ತಲೆಯ ಮೇಲೆ ಹತ್ತಿ ನಿಂತು ಎಲ್ಲರಿಗಿಂತ ಜೋರಾಗಿ ಅವನೇ ಕೂಗುತ್ತಿದ್ದ.

ನಾವು ಸೋತೆವು. ಒಂದೇ ಒಂದು ಬುಟ್ಟಿಯಿಂದ. ಕೊನೆಯ ಚೆಂಡನ್ನು ಹೂವಮ್ಮ ಎಸೆದಾಗ ಅದು ಕಬ್ಬಿಣದ ಬಳೆಯ ಅಂಚಿನ ಮೇಲೆ ಸುತ್ತಿ ಸುತ್ತಿ, ಒಳಗೆ ಹೋಗುವ ಮನಸ್ಸು ಮಾಡಿ, ಆಮೇಲೆ ಮನಸ್ಸು ಬದಲಾಯಿಸಿ ಹೊರಗೆ ಬಿತ್ತು. ಆದರೂ ಜನ ಅವಳನ್ನು ಸುತ್ತುವರಿದು ಚಪ್ಪಾಳೆ ತಟ್ಟಿದರು.

“ಸೋತ್ವಿ ಅಪ್ಪಯ್ಯ” ಎಂದಳು, ಗೇಟಿಗೆ ಬಂದು, ಮುಖ ಒರೆಸಿಕೊಳ್ಳುತ್ತ.

“ಸೋತವರಿಗೆ ಇಷ್ಟು ಚಪ್ಪಾಳೆ ಹೊಡೀತಾರೇನೇ ಇಲ್ಲಿ?” ಎಂದ ಗುತ್ಯಪ್ಪ. ಎದ್ದು, ಅಂಗಿಯ ಧೂಳು ಕೊಡವಿ, ಹ್ಯಾಂಡಲನ್ನು ಮರ್ಯಾದೆಯಿಂದ ಡ್ರೈವರನ ಕೈಗೆ ಕೊಟ್ಟ.

ಅದಾದ ಮೇಲೆ ನಾನು ಸಾಗರದ ಅದೇ ಕಾಲೇಜಿನಲ್ಲಿ ಕೂದಲು ಹಣ್ಣಾಗುವವರೆಗೆ ತರಬೇತಿ ಕೊಟ್ಟೆ. ತಟ್ಟಿ ಗೆದ್ದಲು ಹತ್ತಿ ಬಿತ್ತು, ಬೋರ್ಡು ಬದಲಾಯಿತು, ನಾವು ಗೆದ್ದ ಕಪ್ಪುಗಳನ್ನು ಪ್ರಿನ್ಸಿಪಾಲರ ಕೋಣೆಯಲ್ಲಿ ಊದುಬತ್ತಿ ಚುಚ್ಚಿಡಲು ಬಳಸುತ್ತಿದ್ದರು. ಹೂವಮ್ಮ ಮರಳಿ ಬರಲಿಲ್ಲ. ಹೊಸ ಊರಿನಲ್ಲಿ ಶಾಲೆ ಶುರುವಾದಾಗ ಪಾಠ ಹೇಳಿಕೊಡಲು ಸೇರಿದಳೆಂದು ಕೇಳಿದೆ, ಮದುವೆಯಾಯಿತೆಂದೂ ಕೇಳಿದೆ. ಕಣ್ಣಾರೆ ಕಂಡದ್ದು ಮಾತ್ರ ಆ ಸಂಜೆಯೇ ಕೊನೆ.

ಆ ಸಂಜೆ ಡ್ರೈವರು ಹ್ಯಾಂಡಲು ತಿರುಗಿಸಿದ. ಲಾರಿ ಕೆಮ್ಮಿತು, ಹೊರಡಲಿಲ್ಲ. ಮತ್ತೆ ತಿರುಗಿಸಿದ. ಮತ್ತೆ ಕೆಮ್ಮಿತು. “ತಳ್ಳಬೇಕು” ಎಂದ. ನನ್ನ ನಾಲ್ವರು ಹಿಂದೆ ಹೋಗಿ ಕೈಹಚ್ಚಿದರು. ನೋಡುತ್ತಿದ್ದ ತೀರ್ಥಹಳ್ಳಿಯ ಹುಡುಗಿಯರೂ ಬಂದರು. ಅರ್ಧ ಗಂಟೆಯ ಹಿಂದೆ ಒಬ್ಬರ ಜಡೆ ಒಬ್ಬರು ಎಳೆದಾಡಿದವರು ಹೆಗಲಿಗೆ ಹೆಗಲು ಕೊಟ್ಟರು. ನಾನೂ ಸೆರಗು ಸಿಕ್ಕಿಸಿಕೊಂಡೆ. ಲಾರಿ ಅಲುಗಲಿಲ್ಲ. ಮೇಲೆ ಕರುವನ್ನು ಹಿಡಿದುಕೊಂಡು ಕೂತಿದ್ದ ಹೂವಮ್ಮ 'ಇವರ ಕೈಲಿ ಆಗದು' ಎಂಬಂತೆ ನೋಡಿ, ಧಡ್ಡನೆ ಕೆಳಗೆ ಹಾರಿದಳು. ನಮ್ಮ ನಡುವೆ ನುಗ್ಗಿ ಭುಜ ಕೊಟ್ಟಳು.

ಲಾರಿ ಚಲಿಸಿತು. ಇಳಿಜಾರು ಸಿಕ್ಕಿ, ಇಂಜಿನ್ ಗುಡುಗಿ, ಹೊಗೆ ಉಗುಳಿ ವೇಗ ಹಿಡಿಯಿತು. ನಾವೆಲ್ಲ ಗೆದ್ದವರ ಹಾಗೆ ಕೇಕೆ ಹಾಕಿದೆವು. ಹೂವಮ್ಮನೂ ನಮ್ಮ ಜೊತೆ ನಿಂತು ಕೇಕೆ ಹಾಕುತ್ತಿದ್ದಳು. ಆಮೇಲೆ ಅವಳಿಗೆ ನೆನಪಾಯಿತು. ಆ ದೊಗಳೆ ಪೈಜಾಮವನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಊರೇ ನೋಡುತ್ತಿರುವಾಗಲೇ, ಲಾರಿಯ ಹಿಂದೆ ಓಡಿದಳು. ಗುತ್ಯಪ್ಪ ಸಾಮಾನಿನ ಮೇಲಿಂದ ಬಗ್ಗಿ ಕೈ ಚಾಚಿದ. ಅವಳು ಎಗರಿ ಆ ಕೈಯನ್ನು ಹಿಡಿದಳು.